ಹಿಂದೆ ನಿಂತವಳ ನಕ್ಷೆ

ನೀಲಾಂಬಿಕಾ ಬಾಗಿಲು ದೂಡಿ ಒಳಗೆ ಎರಡು ಹೆಜ್ಜೆಯಿಟ್ಟಳು. ಕೆಳಗಿಳಿಯುವ ಮೆಟ್ಟಿಲು ಇರಬೇಕಿತ್ತು, ಇರಲಿಲ್ಲ. ಬಲಕ್ಕೆ ತಿರುಗಿದಳು. ಇಟ್ಟಿಗೆಯ ಗೋಡೆ ಇರಬೇಕಾದಲ್ಲಿ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಮಿರ್ಚಿ ಭಜಿ, ಪಕ್ಕದಲ್ಲಿ ಝಾರಿ ಸೌಟನ್ನು ಮೇಲೆತ್ತಿ ನಿಂತ ಒಬ್ಬ ಹೆಂಗಸು.

"ಯಾರವ್ವಾ ನೀ?"

"ಇಲ್ಲಿ ಮೆಟ್ಟಲಾ ಇದ್ದುವಲ್ಲ..."

"ನಮ್ಮನ್ಯಾಗ ಎಲ್ಲೀ ಮೆಟ್ಟಲಾ? ಬಾಡಿಗಿ ಮನಿ ನೋಡಾಕ ಬಂದಿಯೇನು? ಅದು ಮ್ಯಾಲಿಂದು. ಆಚಿ ಸಂದ್ಯಾಗಿಂದ ಹೋಗಬೇಕು."

ನೀಲಾಂಬಿಕಾ ಎಡಗಿವಿಯ ಹಿಂದೆ ಅಂಟಿಸಿದ್ದ ತೆಳುವಾದ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಬೆಚ್ಚಗಿತ್ತು. ಅಂದರೆ ಕೆಲಸ ಮಾಡುತ್ತಿತ್ತು. ಹೆಂಗಸು ಆ ಪಟ್ಟಿಯನ್ನು ನೋಡಿದಳು, ಅವಳ ಮುಖವನ್ನು ನೋಡಿದಳು, "ಕಿವಿ ಕೇಳಸೂದಿಲ್ಲ ಕಾಣತದ ಪಾಪ" ಎಂದು ತನಗೆ ತಾನೇ ಹೇಳಿಕೊಂಡು ಒಂದು ಬಿಸಿ ಭಜಿಯನ್ನು ಕಾಗದದಲ್ಲಿಟ್ಟು ಕೈಗೆ ಕೊಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ಫಕ್ಕೀರೇಶ ಏದುಸಿರು ಬಿಡುತ್ತ ನಿಂತಿದ್ದ. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ನಮ್ಮ ಮನಿಯಾಕಿ. ಆರಾಮಿಲ್ಲ ಆಕಿಗೆ."

"ಆರಾಮದೀನಿ ನಾ" ಎಂದಳು ನೀಲಾಂಬಿಕಾ. "ದಾರಿ ತಪ್ಪೇತಿ, ಅಷ್ಟ."

ಹೊರಗೆ ಬಂದ ಮೇಲೆ ಅವಳು ಗಂಡನ ತೋಳು ಬಿಡಿಸಿಕೊಂಡಳು. "ನೂರು ಮಾರು ಹಿಂದ ಇರ್ತೀನಿ ಅಂದಿದ್ರಿ. ಇಷ್ಟು ಲಗೂನ ಹೆಂಗ ಬಂದ್ರಿ?"

"ನೀ ಮಂದಿ ಅಡಗಿಮನಿ ಹೊಕ್ರ ನಾ ಮಾರು ಎಣಿಸಿಕೋತ ಕುಂದರಲೇನು?"

"ಇನ್ನೊಮ್ಮೆ ಹೋಗ್ತೀನಿ. ಮನಿ ಬಾಗಲದಿಂದ."

"ಮೊದಲ ಆ ಭಜಿ ತಿನ್ನು. ಆರಾಕತ್ತೇತಿ."

ಅವಳು ಭಜಿ ತಿಂದಳು. ತಿನ್ನುತ್ತಲೇ ಬೀದಿಯ ಎರಡೂ ತುದಿ ನೋಡಿದಳು. ಯಾವ ತುದಿಯಿಂದ ಬಂದೆನೆಂಬುದು ಅವಳಿಗೆ ಗೊತ್ತಾಗಲಿಲ್ಲ.

*

ಹುಬ್ಬಳ್ಳಿಯಲ್ಲಿ ಸ್ಕೂಟರ್ ಮೇಲೆ ಮನೆಮನೆಗೆ ಹೋಗಿ, ಲಕ್ವ ಹೊಡೆದವರಿಗೆ, ಸೊಂಟ ಮುರಿದವರಿಗೆ ವ್ಯಾಯಾಮ ಮಾಡಿಸುವುದು ನೀಲಾಂಬಿಕಾಳ ಕಸುಬು. ಯಾವ ಓಣಿಯಲ್ಲಿ ಯಾರ ಮಂಡಿ, ಯಾವ ಅಪಾರ್ಟ್‌ಮೆಂಟಿನಲ್ಲಿ ಯಾರ ಭುಜ ಎಂಬ ಲೆಕ್ಕದಲ್ಲಿಯೇ ಅವಳು ಊರನ್ನು ತಲೆಯಲ್ಲಿಟ್ಟುಕೊಂಡಿದ್ದಳು. ಹೋದ ವರ್ಷದ ಮಿದುಳು ಜ್ವರ ಅವಳಿಗೆ ಎಲ್ಲವನ್ನೂ ಬಿಟ್ಟುಕೊಟ್ಟಿತು: ಮಾತು, ಓದು, ಮುಖಗಳು, ಒಂದೊಂದು ಸ್ನಾಯುವಿನ ಹೆಸರು. ತೆಗೆದುಕೊಂಡದ್ದು ದಾರಿಯನ್ನು ಮಾತ್ರ.

ಅಂಗಡಿ ಕಂಡರೆ ಅಂಗಡಿಯೆಂದು ಗೊತ್ತಾಗುತ್ತಿತ್ತು. ಗುಡಿ ಕಂಡರೆ ಗುಡಿ. ಆದರೆ ಗುಡಿಯ ಆಚೆ ಅಂಗಡಿಯಿದೆ, ಅಂಗಡಿಯ ಹಿಂದೆ ನಮ್ಮ ಓಣಿಯಿದೆ ಎಂಬ ಹೊಲಿಗೆಯೇ ಬಿಚ್ಚಿಹೋಗಿತ್ತು. ಗೇಟಿಗೆ ಬೆನ್ನು ಮಾಡಿದರೆ ಸಾಕು, ಮನೆ ಲೋಕದಿಂದಲೇ ಮಾಯ. ಮೊಬೈಲು ದಾರಿ ಹೇಳುತ್ತಿತ್ತು, ನಿಜ. ಅದು "ಮುಂದೆ ಎಡಕ್ಕೆ" ಎಂದಾಗ ಯಾವುದು ಮುಂದೆ, ಯಾವುದರ ಎಡ ಎಂದು ಯೋಚಿಸುತ್ತ ಅವಳು ನಡುಬೀದಿಯಲ್ಲಿ ನಿಂತುಬಿಡುತ್ತಿದ್ದಳು. ಹಿಂದಿನಿಂದ ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಯೋಚನೆ ಮುಗಿಯುತ್ತಿರಲಿಲ್ಲ.

ಫಕ್ಕೀರೇಶನದು ಮೋಟಾರು ರಿವೈಂಡಿಂಗ್ ಅಂಗಡಿ. ಅರ್ಧ ದಿನ ಅದರ ಷಟರ್ ಎಳೆದು ಅವನು ಹೆಂಡತಿಯ ಹಿಂದೆ ತಿರುಗುತ್ತಿದ್ದ. ಗೊಣಗುತ್ತಿರಲಿಲ್ಲ. ಅವನು ಗೊಣಗದೇ ಇರುವುದೇ ಅವಳಿಗೆ ಮುಳ್ಳಾಗಿತ್ತು. ಅವಳು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನವರು ಈ ತಿಂಗಳ ಕೊನೆಗೆ ಒಂದು ಮಾತು ಹೇಳಿ ಎಂದಿದ್ದರು. ಬರುವುದಾದರೆ ಬನ್ನಿ, ಇಲ್ಲದಿದ್ದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ.

ಅವಳಿಗೆ ಬೇಕಾದದ್ದು ಒಂದೇ. ಒಬ್ಬಳೇ ಗೇಟು ದಾಟಬೇಕು, ಒಬ್ಬಳೇ ವಾಪಸು ಬರಬೇಕು.

ಅದಕ್ಕೆಂದೇ ಅವಳು ಡಾಕ್ಟರ್ ವಾರಿಜಾ ಕೆದಿಲಾಯರ ಪ್ರಯೋಗಕ್ಕೆ ಸೇರಿದ್ದಳು. ಉಡುಪಿ ಕಡೆಯ ಈ ನರವಿಜ್ಞಾನಿ ಧಾರವಾಡ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಮಿದುಳಿನೊಳಗಿನ ನಕ್ಷೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಜಾಗಗಳನ್ನು ಗುರುತಿಸುವುದಕ್ಕೆಂದೇ ಮಿದುಳಿನಲ್ಲಿ ಜೀವಕೋಶಗಳಿವೆ. ನಾವು ಅಡುಗೆಮನೆಯಲ್ಲಿದ್ದಾಗ ಒಂದಿಷ್ಟು ಮಿಡಿಯುತ್ತವೆ, ಪಡಸಾಲೆಗೆ ಬಂದರೆ ಬೇರೊಂದಿಷ್ಟು. ಆ ಮಿಡಿತಗಳ ಜೋಡಣೆಯೇ ನಮ್ಮೊಳಗಿನ ಊರು. ಇಂಥ ಜ್ವರವು ದೊಡ್ಡವರಾದ ಮೇಲೆ ಕಟ್ಟಿಕೊಂಡ ಊರುಗಳನ್ನು ಕೆಡವುತ್ತದೆ, ಎಳೆಯ ವಯಸ್ಸಿನಲ್ಲಿ ಬೇರುಬಿಟ್ಟದ್ದನ್ನು ಅಲುಗಾಡಿಸಲಾರದು. ಹಾಗಾದರೆ ಆ ಹಳೆಯ ನಕ್ಷೆಯನ್ನೇ ಅಟ್ಟಣಿಗೆ ಮಾಡಿಕೊಂಡು ಅದರ ಮೇಲೆ ಹೊಸ ಊರನ್ನು ಕಟ್ಟಿದರೆ?

ಹುಟ್ಟಿದೂರು ಇದಕ್ಕೆ ಒದಗುವುದಿಲ್ಲ. ಊರು ಬದಲಾಗಿರುತ್ತದೆ, ನೆನಪೂ ಬದಲಾಗಿರುತ್ತದೆ, ತಾಳೆ ನೋಡಲು ಮೂಲವೇ ಸಿಗುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ಹಗಲಿರುಳು ಆಡಿದ ಕಂಪ್ಯೂಟರ್ ಆಟವೊಂದಿದ್ದರೆ? ಅದರೊಳಗಿನ ಒಂದು ಇಟ್ಟಿಗೆಯೂ ಈತನಕ ಜರುಗಿರುವುದಿಲ್ಲ. ಹಳೆಯ ಆಟಗಳನ್ನು ಕಾಪಿಡುವವರ ಹತ್ತಿರ ಕೇಳಿದರೆ ಅದೇ ಆಟ, ಅದೇ ಗೋಡೆ, ಅದೇ ಭೂತ ಸಿಗುತ್ತದೆ. ರೋಗಿ ಮತ್ತೆ ಆಡುವಾಗ ಯಾವ ಮೂಲೆಯಲ್ಲಿ ಯಾವ ಕೋಶ ಮಿಡಿಯಿತೆಂದು ಗುರುತು ಹಾಕಿಕೊಂಡು, ನಿಜವಾದ ಬೀದಿಯ ಒಂದೊಂದು ತಿರುವಿಗೆ ಆಟದ ಒಂದೊಂದು ತಿರುವನ್ನು ಜೋಡಿಸಬಹುದು. ಕಿವಿಯ ಹಿಂದಿನ ಪಟ್ಟಿ ನಡಿಗೆಯನ್ನು ಗಮನಿಸುತ್ತ ಸರಿಯಾದ ಕೋಶವನ್ನು ಮೆಲ್ಲಗೆ ತಟ್ಟುತ್ತದೆ. ಬೆಳಗಾವಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರಿಗೆ ಇದು ಫಲಿಸಿತ್ತು. ಅವರೀಗ ಹಾಲು ತರಲು ತಾವಾಡಿದ ಆಟದ ಚಂದ್ರನ ಮೇಲಿನ ಎರಡು ಕುಳಿ ಬಳಸಿ ಹೋಗುತ್ತಾರೆ, ಹಾಲಿನೊಂದಿಗೆ ವಾಪಸೂ ಬರುತ್ತಾರೆ.

"ಚಿಕ್ಕಂದಿನಲ್ಲಿ ಏನಾದರೂ ಆಡಿದ್ದುಂಟಾ?" ಎಂದು ವಾರಿಜಾ ಮೊದಲ ದಿನವೇ ಕೇಳಿದ್ದರು.

"ಸುರಂಗದ ಆಟ" ಎಂದಿದ್ದಳು ನೀಲಾಂಬಿಕಾ, ತುಸು ಜಂಬದಿಂದಲೇ. "ಗದಗಿನ್ಯಾಗ, ಕಂಪ್ಯೂಟರ್ ಕ್ಲಾಸಿನ್ಯಾಗ. ಕಡೀತನಕ ಮುಗಿಸಿದಾಕಿ ನಾ ಒಬ್ಬಾಕಿನ."

*

ಭಜಿಯ ಪ್ರಸಂಗದ ಮರುದಿನ ವಾರಿಜಾ ಅವಳನ್ನು ಮತ್ತೆ ಆಟದ ಮುಂದೆ ಕೂರಿಸಿದರು. ತಲೆಗೆ ಸಂವೇದಕಗಳ ಟೊಪ್ಪಿಗೆ, ಎದುರಿಗೆ ಪರದೆ, ಕೈಯಲ್ಲಿ ಹಳೆಯ ಮಾದರಿಯ ಗಟ್ಟಿ ಕೀಲಿಮಣೆ. ಗಾಜಿನಾಚೆಯ ಕೋಣೆಯಲ್ಲಿ ವಾರಿಜಾ, ಅವರ ಮುಂದೆ ನೀಲಾಂಬಿಕಾಳ ಮಿದುಳಿನ ಬೆಳಕುಗಳು.

ಹದಿನಾರೇ ಬಣ್ಣದ ಲೋಕ. ಇಟ್ಟಿಗೆಯ ಸುರಂಗ, ಒಂದರಂತೆಯೇ ಇನ್ನೊಂದು ತಿರುವು. ಕೀಲಿ ಒತ್ತಿದರೆ ಒಂದು ಹೆಜ್ಜೆ, ಇನ್ನೊಂದು ಒತ್ತಿದರೆ ಪೂರ್ತಿ ಎಡಕ್ಕೆ. ಹನ್ನೆರಡನೆಯ ವಯಸ್ಸಿನಲ್ಲಿ ಇದು ಪಾತಾಳದಷ್ಟು ಆಳವಿತ್ತು. ಈಗ ನೋಡಿದರೆ ಇಡೀ ಅಂತಸ್ತು ಒಂದು ಕಲ್ಯಾಣಮಂಟಪದೊಳಗೆ ಹಿಡಿಸುವಂತಿತ್ತು. ಆಗ ಕ್ಲಾಸಿನ ಮಕ್ಕಳು ಬಡಕ ಎಂದು ಕರೆಯುತ್ತಿದ್ದ ಅಸ್ಥಿಪಂಜರ, ಕಣ್ಣು ಮೂಡಿದ ಕಸಬರಿಗೆಯ ಹಾಗಿತ್ತು. ಅವಳಿಗೆ ನಗು ಬಂತು. ಆದರೂ ಅದು ಕತ್ತಲಿನಿಂದ ಹೊರಬಂದಾಗ ಮುಂಗೈಯ ಕೂದಲು ನಿಮಿರಿ ನಿಂತವು.

ಮೊದಲ ಅಂತಸ್ತು ಒಂದು ತಪ್ಪೂ ಇಲ್ಲದೆ ಮುಗಿಯಿತು. ಎರಡನೆಯದೂ ಅಷ್ಟೇ. ಮೂರನೆಯದರಲ್ಲಿ, ಮೂರು ದಾರಿ ಕೂಡುವಲ್ಲಿ, ಬೆರಳು ನಿಂತಿತು. ಎಂದಿನಂತೆ ಅಲ್ಲಿಯೇ.

"ನೀಲಾಂಬಿಕಾ" ವಾರಿಜಾ ಗಾಜಿನಾಚೆಯಿಂದ ಕೇಳಿದರು. ಅವರ ದನಿ ಬೇರೆಯಾಗಿತ್ತು. "ನಾನು ಇಷ್ಟು ದಿವಸ ತಪ್ಪು ಕಡೆ ನೋಡ್ತಾ ಇದ್ದೆ. ನೀವು ಸರಿಯಾಗಿ ಆಡುವಾಗ ಜಾಗದ ಕೋಶಗಳು ಮಲಗಿಯೇ ಇರ್ತಾವೆ ಮಾರಾಯ್ರೆ. ಹೊತ್ತಿ ಉರಿಯುವುದು ಕಿವಿಯ ಭಾಗ. ನಿಮ್ಮೊಳಗೆ ಯಾರು ಮಾತಾಡ್ತಾ ಇರುವುದು?"

ನೀಲಾಂಬಿಕಾ ಕಣ್ಣು ಮುಚ್ಚಿದಳು. ಎರಡು ಮುಂದ. ಎಡಕ್ಕ. ನಿಂದ್ರು. ಹೊಡಿ, ಹೊಡಿ ಲೇ!

"ತಸ್ನೀಮ್" ಎಂದಳು.

ಗದಗಿನ ಆ ಕ್ಲಾಸಿನಲ್ಲಿ ಕಂಪ್ಯೂಟರು ಕಡಿಮೆ, ಮಕ್ಕಳು ಹೆಚ್ಚು. ಒಂದೊಂದಕ್ಕೆ ಇಬ್ಬಿಬ್ಬರು. ಕುರ್ಚಿಯಲ್ಲಿ ಕೂತು ಕೀಲಿ ಒತ್ತುವವರು 'ಕೈ', ಕುರ್ಚಿಯ ಹಿಂದೆ ನಿಂತು ದಾರಿ ಹೇಳುವವರು 'ಬಾಯಿ'. ನೀಲಾಂಬಿಕಾಳ ಬೆರಳು ಚುರುಕು, ಅವಳು ಕೈ. ತಸ್ನೀಮ್ ಮುಲ್ಲಾ ಬಾಯಿ. ಬಾಯಿ ಹೇಳಿದ್ದನ್ನು ಕೈ ಮಾಡಬೇಕು, ಯಾಕೆಂದು ಕೇಳುವಂತಿಲ್ಲ. ಕೇಳುವಷ್ಟರಲ್ಲಿ ಬಡಕ ಹೊಡೆದಿರುತ್ತಿದ್ದ. ಆದರೆ ಗೆದ್ದರೆ ಹೆಸರು ಕೈಗೆ. ಆಡಿದವರು ಯಾರೆಂದರೆ ಕೂತವರು, ಅಷ್ಟೇ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ತಸ್ನೀಮ್‌ಳಿಗೂ ಇರಲಿಲ್ಲ.

ವಾರಿಜಾ ಎದ್ದು ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತರು. "ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ನಾನೊಬ್ಬಳೇ ಆಡ್ತಾ ಇದ್ದದ್ದು. ಒಂದು ಆಟವನ್ನು ಇಬ್ಬರು ಸೇರಿ ಒಬ್ಬರಾಗಿ ಆಡ್ತಾರೆ ಅಂತ ನನ್ನ ತಲೆಗೇ ಹೋಗಲಿಲ್ಲ. ನಾವು ಹುಬ್ಬಳ್ಳಿಯನ್ನು ಕಟ್ಟಲಿಕ್ಕೆ ಹೊರಟದ್ದು ಇಲ್ಲದ ಅಟ್ಟಣಿಗೆಯ ಮೇಲೆ."

ನೀಲಾಂಬಿಕಾ ಕೀಲಿಮಣೆಯ ಮೇಲಿನ ತನ್ನ ಬೆರಳುಗಳನ್ನು ನೋಡಿದಳು. ರೋಗಿಯ ಕಾಲನ್ನು ತಾನು ಎತ್ತಿ ಇಳಿಸಿದರೆ ಕೀಲು ಬಿಗಿಯದೆ ಉಳಿಯುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ ಎಂದು ಅವಳು ಎಷ್ಟು ಮನೆಗಳಲ್ಲಿ ಹೇಳಿದ್ದಳು! ಸುರಂಗದೊಳಗೆ ಅವಳು ಎತ್ತಿಸಿಕೊಂಡ ಕಾಲಾಗಿದ್ದಳು.

"ಆಕಿನ್ನ ಕರೀರಿ" ಎಂದಳು. "ಫೋನ್ ನಾನ ಮಾಡ್ತೀನಿ."

*

ತಸ್ನೀಮ್ ಈಗ ಗದಗಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಇಬ್ಬರ ನಡುವೆ ಇಷ್ಟು ವರ್ಷ ಹಬ್ಬಕ್ಕೊಂದು ಸಂದೇಶ, ಮದುವೆಗೊಂದು ಆಮಂತ್ರಣ, ಇಷ್ಟೇ ಉಳಿದಿತ್ತು. ರವಿವಾರದ ಪ್ಯಾಸೆಂಜರ್ ಗಾಡಿಗೆ ಬಂದಿಳಿದವಳು ಪ್ರಯೋಗಾಲಯದ ಬಾಗಿಲಲ್ಲಿಯೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಲೇ ನೀಲಿ! ಕೂದ್ಲ ಬೆಳ್ಳಗಾದ್ರೂ ಕುರ್ಚಿ ಬಿಟ್ಟಿಲ್ಲ ನೋಡು. ಈಗರ ನನಗ ಕೂಡಾಕ ಕೊಡ್ತೀಯೋ ಇಲ್ಲೋ?"

"ನೀ ಕುಂತ್ರ ಬಡಕ ತಿಂದು ಹಾಕ್ತಾನ."

"ಇಷ್ಟೊತ್ತಿಗೆ ಅವನ ಹಲ್ಲೂ ಉದುರಿರ್ತಾವ ತಗೋ. ರೀ ಮೇಡಂ, ನಾ ಎಲ್ಲಿ ನಿಂದ್ರಲಿ?"

"ನೀವು ಎಲ್ಲಿ ನಿಲ್ತಾ ಇದ್ರೋ ಅಲ್ಲಿಯೇ" ಎಂದರು ವಾರಿಜಾ.

ತಸ್ನೀಮ್ ಕುರ್ಚಿಯ ಬೆನ್ನಿಗೆ ಎರಡೂ ಕೈ ಊರಿ ನಿಂತಳು. ಆಟ ಶುರುವಾಯಿತು. ಮೂರು ದಾರಿ ಕೂಡುವಲ್ಲಿ ಆಕೆ ಒಂದು ಗಳಿಗೆಯೂ ತಡೆಯಲಿಲ್ಲ. "ಬಲಕ್ಕ. ಮೂರು ಮುಂದ. ಎಡಗೋಡಿ ಬ್ಯಾಡ, ಅಲ್ಲಿ ಕುಣಿ ಐತಿ. ಹೊಡಿ! ಅಯ್ಯ, ಮುದಿಕಿ ಆದೇನು, ಹೊಡಿ ಅಂದ್ರ!" ನೀಲಾಂಬಿಕಾಳ ಬೆರಳು ಮಾತು ಮುಗಿಯುವ ಮುಂಚೆ ಓಡಿದವು. ಮೂರನೆಯ ಅಂತಸ್ತು ಮುಗಿಯಿತು, ನಾಲ್ಕನೆಯದು ತೆರೆಯಿತು. ಇಬ್ಬರೂ ಹುಡುಗಿಯರ ಹಾಗೆ ಕಿರುಚುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಫಕ್ಕೀರೇಶ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಜ್ವರ ಬಂದಂದಿನಿಂದ ಹೆಂಡತಿ ಹೀಗೆ ನಕ್ಕದ್ದನ್ನು ಅವನು ಕೇಳಿರಲಿಲ್ಲ.

ಗಾಜಿನಾಚೆ ವಾರಿಜಾ ಬೆರಗಾಗಿ ನೋಡುತ್ತಿದ್ದರು. ತಸ್ನೀಮ್‌ಳ ದನಿ ಕಿವಿಗೆ ಬಿದ್ದದ್ದೇ ನೇರವಾಗಿ ಕೈಗೆ ಹೋಗುತ್ತಿತ್ತು. ನಡುವೆ ಯೋಚನೆಯೆಂಬ ನಿಲ್ದಾಣವೇ ಇರಲಿಲ್ಲ. ಜಾಗದ ಕೋಶಗಳು ಎಂದಿನಂತೆ ಕತ್ತಲಲ್ಲಿದ್ದವು.

ನಾಲ್ಕನೆಯ ಅಂತಸ್ತಿನ ನಡುವೆ ನೀಲಾಂಬಿಕಾ ಕೈ ತೆಗೆದಳು.

"ತಸ್ನೀಮ್, ಸ್ವಲ್ಪ ಸುಮ್ನಿರು."

"ಯಾಕ? ಬಲಕ್ಕ ಹೋಗಬೇಕು."

"ಹೇಳಬ್ಯಾಡ. ನಾನ ನೋಡ್ತೀನಿ."

ಅವಳು ಎಡಕ್ಕೆ ಹೋದಳು, ಕುಣಿಗೆ ಬಿದ್ದು ಸತ್ತಳು. ಮತ್ತೆ ಎದ್ದಳು, ಮತ್ತೆ ಹೋದಳು. ಹೋದ ದಾರಿಯಲ್ಲಿಯೇ ಸುತ್ತಿ ಬಡಕನ ಕೈಗೆ ಸಿಕ್ಕಳು. ತಸ್ನೀಮ್ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಊಟದ ಹೊತ್ತು ಮೀರಿತು. ಫಕ್ಕೀರೇಶ ಎರಡು ಸಲ ಗಡಿಯಾರ ನೋಡಿದ. ಆಮೇಲೊಮ್ಮೆ, ಒಂದು ಕುರುಡು ಮೂಲೆಯ ಹತ್ತಿರ, ಗೋಡೆ ಪರದೆಯ ಮೇಲೆ ಮೂಡುವ ಮೊದಲೇ ನೀಲಾಂಬಿಕಾ ತಿರುಗಿಬಿಟ್ಟಳು.

"ನಿಲ್ಲಿ!" ವಾರಿಜಾ ಓಡಿಬಂದರು. "ಈಗ ಯಾಕೆ ತಿರುಗಿದ್ದು?"

"ಅಲ್ಲಿ ಮುಂದ ಏನೂ ಇಲ್ರಿ. ಬಡಕನ ಮೂಲಿ. ಅಲ್ಲೇ ಸತ್ತೀನಲ್ಲ ಅಷ್ಟು ಸಲ."

ವಾರಿಜಾ ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಕಪ್ಪಿನ ನಡುವೆ ಎಣ್ಣೆ ತೀರಿದ ದೀಪದ ಹಾಗೆ ಒಂದು ಚುಕ್ಕೆ ಮಿಣುಕುತ್ತಿತ್ತು. "ಇದು ನೀವು ಮಾಡಿಕೊಂಡ ಜಾಗ. ಜ್ವರ ಬಂದ ಮೇಲೆ ಹುಟ್ಟಿದ ಮೊದಲನೆಯದು."

ಎಲ್ಲರೂ ಆ ಚುಕ್ಕೆಯನ್ನು ನೋಡುತ್ತ ನಿಂತರು. ತಸ್ನೀಮ್ ಬಾಯಿಂದ ಸೆರಗು ತೆಗೆದು ಮೆಲ್ಲಗೆ ಹೇಳಿದಳು:

"ನನಗೇನು ದಾರಿ ಗೊತ್ತಿತ್ತಂತ ತಿಳಿದೀಯೇನ್ಲೇ? ಒಂದೂ ಗೊತ್ತಿರ್ಲಿಲ್ಲ. ಧೈರ್ಯ ಮಾಡಿ ಎಡಕ್ಕ ಅಂತಿದ್ದೆ. ಸಾಯಾಕಿ ನೀ, ಕಲಿಯಾಕಿ ನಾ."

*

ಮುಂದಿನ ವಾರ ವಾರಿಜಾ ಮೂವರನ್ನೂ ಮತ್ತೆ ಕರೆಸಿದರು. ಮೇಜಿನ ಮೇಲೆ ಹೊಸ ಪಟ್ಟಿಯೊಂದಿತ್ತು. ಅದರೊಳಗೆ ತಸ್ನೀಮ್‌ಳ ದನಿಯಿತ್ತು. ಅಂದಿನ ಆಟದ ಧ್ವನಿಮುದ್ರಣದಿಂದ ಕಟ್ಟಿದ ದನಿ, ಹುಬ್ಬಳ್ಳಿಯ ಪ್ರತಿ ಓಣಿಯನ್ನೂ ಬಲ್ಲದ್ದು. ಕಟ್ಟಲು ತಸ್ನೀಮ್ ಒಪ್ಪಿಗೆ ಕೊಟ್ಟಿದ್ದಳು. "ನನ್ನ ಬಾಯಿ ಹೆಂಗೂ ಬಂದ್ ಆಗಂಗಿಲ್ಲ, ಒಂದು ಹುಬ್ಬಳ್ಳ್ಯಾಗ ಇರಲಿ ತಗೋ" ಎಂದಿದ್ದಳು.

ನೀಲಾಂಬಿಕಾ ಅದನ್ನು ಕಿವಿಯ ಹಿಂದೆ ಅಂಟಿಸಿಕೊಂಡು ರಸ್ತೆಗಿಳಿದಳು. ಎರಡು ಮುಂದ. ಬಲಕ್ಕ. ನಿಂದ್ರು, ಬಸ್ ಬರಾಕತ್ತೇತಿ. ಹೂಂ, ನಡಿ. ಕಾಲು ತಾವೇ ಹೋದವು. ಹೂವಿನಂಗಡಿ, ಗ್ಯಾರೇಜು, ಬ್ಯಾಂಕು, ಚಹಾದಂಗಡಿ. ಎಲ್ಲೂ ತಡವರಿಸಲಿಲ್ಲ. ಚಹಾ ಕುಡಿದಳು, ಬೇರೆ ಓಣಿಯಿಂದ ವಾಪಸು ಬಂದಳು. ಪ್ರಯೋಗಾಲಯದ ಗೇಟಿನಲ್ಲಿ ಫಕ್ಕೀರೇಶ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ.

"ಚಹಾದಂಗಡಿ ಯಾವ ದಿಕ್ಕಿಗಿದೆ, ಒಮ್ಮೆ ತೋರಿಸ್ತೀರಾ?" ಎಂದು ವಾರಿಜಾ ಕೇಳಿದರು.

ನೀಲಾಂಬಿಕಾ ಕೈಯೆತ್ತಿದಳು. ಕೈ ಗಾಳಿಯಲ್ಲಿ ನಿಂತಿತು, ಅತ್ತಿತ್ತ ಹೊಯ್ದಾಡಿತು, ಕೆಳಗಿಳಿಯಿತು. ನಾಲಗೆಯ ಮೇಲೆ ಇನ್ನೂ ಚಹಾದ ರುಚಿಯಿತ್ತು. ಅಂಗಡಿ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಒಳಗೆ ಬಂದು ಕೂತ ಮೇಲೆ ವಾರಿಜಾ ಮುಚ್ಚುಮರೆಯಿಲ್ಲದೆ ಹೇಳಿದರು. "ಇದನ್ನು ಹಾಕಿಕೊಂಡರೆ ನೀವು ನಾಳೆಯಿಂದಲೇ ಕೆಲಸಕ್ಕೆ ಹೋಗಬಹುದು. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಆದರೆ ಈ ದನಿ ಇರುವಷ್ಟು ಕಾಲ ನಿಮ್ಮೊಳಗೆ ನಕ್ಷೆ ಬೆಳೆಯುವುದಿಲ್ಲ. ಬೆಳೆಯಲಿಕ್ಕೆ ಅದಕ್ಕೆ ಕಾರಣವೇ ಇರುವುದಿಲ್ಲ."

"ಹಾಕ್ಕೊಳ್ಳದಿದ್ರ?"

"ಅಲೆಯಬೇಕು. ನೀವೇ ತೀರ್ಮಾನ ಮಾಡಿ, ತಪ್ಪಿ, ಮತ್ತೆ ಹೋಗಬೇಕು. ವರ್ಷ ಆಗಬಹುದು, ನಾಲ್ಕು ವರ್ಷ ಆಗಬಹುದು. ಆ ಒಂದು ಚುಕ್ಕೆ ಹತ್ತಾಗದೆಯೂ ಹೋಗಬಹುದು. ನಾನು ಭರವಸೆ ಕೊಡುವುದಿಲ್ಲ."

"ಕ್ಲಿನಿಕ್ಕಿನವರು ತಿಂಗಳ ಕಡಿಗೆ ಉತ್ತರಾ ಕೇಳ್ಯಾರ" ಎಂದ ಫಕ್ಕೀರೇಶ. ಅವನ ದನಿಯಲ್ಲಿ ಬೇಡಿಕೆಯಿತ್ತು. "ಸೋಮವಾರ ಸ್ಕೂಟರ್ ಹತ್ತಬಹುದು ನೀಲಾ. ಮೊದಲಿನಂಗ. ನಾ ಹಿಂದ ಬರೂದ ಬ್ಯಾಡ."

"ನೀವು ಬರೂದಿಲ್ಲ. ಕಿವ್ಯಾಗ ಈಕಿ ಇರ್ತಾಳ."

"ಇದ್ರ ಏನಾತು? ಗೆಳತಿ ಅಲ್ಲೇನು?"

"ಗೆಳತಿನ. ಅದಕ್ಕ ಜಗಳಾ ಮಾಡಾಕ ಬರ್ತೇತಿ ಆಕಿ ಕೂಡ." ನೀಲಾಂಬಿಕಾ ಪಟ್ಟಿ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಅದು ಇನ್ನೂ ಏನೋ ಪಿಸುಗುಡುತ್ತಿತ್ತು. "ಇದರ ಕೂಡ ಮಾಡಾಕ ಬರೂದಿಲ್ಲ. ಹೇಳತೇತಿ, ಕಾಲು ಹೋಗಿಬಿಡ್ತಾವ. ಬೇಕೋ ಬ್ಯಾಡೋ ಅಂತ ನನ್ನ ಕೇಳೂದ ಇಲ್ಲ."

ತಸ್ನೀಮ್ ನಗಲಿಲ್ಲ. "ನೀಲಿ, ನನ್ನ ಸಂಬಂಧ ವಿಚಾರ ಮಾಡಬ್ಯಾಡ. ಹೊಟ್ಟಿಪಾಡು ನೋಡು. ಮಂದಿ ಮನಿ ಹೊಕ್ಕೋತ ಎಷ್ಟು ದಿನಾ ತಿರಗತೀ?"

"ತಿರಗತೀನಿ."

"ಮಳಿ ಬಂದ್ರ?"

"ತೊಯ್ಸಿಕೋತೀನಿ."

"ಕೆಲಸಾ ಹೋದ್ರ?" ಎಂದ ಫಕ್ಕೀರೇಶ.

ಅವಳು ಗಂಡನ ಕಡೆ ತಿರುಗಿದಳು. "ಹೋಗತೇತಿ" ಎಂದಳು.

ವಾರಿಜಾ ಪಟ್ಟಿಯ ಪುಟ್ಟ ಡಬ್ಬಿಯನ್ನು ಅವಳ ಕಡೆ ಸರಿಸಿದರು. "ಈಗಲೇ ತೀರ್ಮಾನ ಬೇಡ. ಮನೆಯಲ್ಲಿ ಇಟ್ಟುಕೊಂಡಿರಿ. ಕಷ್ಟ ಅನ್ನಿಸಿದ ದಿವಸ ಮಾತ್ರ ಹಾಕಿಕೊಳ್ಳಬಹುದು."

ನೀಲಾಂಬಿಕಾ ಪಟ್ಟಿಯನ್ನು ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಮೇಜಿನ ಆಚೆ ತುದಿಗೆ ತಳ್ಳಿದಳು.

"ಬ್ಯಾಡ್ರಿ ಡಾಕ್ಟ್ರ. ಮನ್ಯಾಗ ಇಟ್ಕೊಳ್ಳಾಕೂ ಬ್ಯಾಡ."